ಭತ್ತವೇ ನಾಣ್ಯವಾಗಿದ್ದ ಸೀಮೆ

ನಾಣ್ಯದ ನೆರವಿಲ್ಲದೆ ಸರಕಿಗೆ ಸರಕು, ದುಡಿಮೆಗೆ ದುಡಿಮೆ ಕೊಟ್ಟು ಪಡೆಯುವುದು ವಿನಿಮಯ. ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಿಂದ ಸಕಲೇಶಪುರದ ಘಟ್ಟದ ಅಂಚಿನವರೆಗೆ ಹಬ್ಬಿರುವ ಗುಡ್ಡಗಾಡು ಇದಕ್ಕೆ ಹೇಳಿ ಮಾಡಿಸಿದ ಜಾಗ. ಪೂರ್ವಕ್ಕೆ ನಡೆದರೆ ರಾಗಿ, ಹುರುಳಿ, ಕುರಿಮಂದೆಗಳ ಬಯಲುಸೀಮೆ. ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಹೆಚ್ಚುತ್ತದೆ. ಕಣಿವೆಯಲ್ಲಿ ಭತ್ತದ ಗದ್ದೆ, ಮೇಲೆ ಏಲಕ್ಕಿ ಮಲೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅಲ್ಲಿಂದ ಬಿಸಿಲೆ ಇಲ್ಲವೆ ಶಿರಾಡಿಯಲ್ಲಿ ಘಟ್ಟ ಇಳಿದರೆ ಕರಾವಳಿ. ಮೂರು ಸೀಮೆಯಲ್ಲಿ ಒಂದರಲ್ಲಿ ಸಿಗುವುದೆಲ್ಲ ಇನ್ನೊಂದರಲ್ಲಿ ಸಿಗದು. ಕೊಡುಕೊಳ್ಳುವಿಕೆ ಹುಟ್ಟಿದ್ದು ಈ ಕೊರತೆಯಿಂದ.

ಎಲ್ಲಕ್ಕಿಂತ ದೊಡ್ಡ ಕೊರತೆ ಉಪ್ಪಿನದು. ಬಯಲುಸೀಮೆಯಲ್ಲಿ ಉಪ್ಪಾರರು ಚೌಳು ಮಣ್ಣನ್ನು ಕದಡಿ, ಸೋಸಿ, ಮಣ್ಣುಪ್ಪು ತೆಗೆಯುತ್ತಿದ್ದರು. ಮಳೆಗೆ ಮಣ್ಣೇ ತೊಳೆದುಹೋಗುವ ಮಲೆನಾಡಿನಲ್ಲಿ ಅದೂ ಇಲ್ಲ. ಮನುಷ್ಯರಿಗಷ್ಟೇ ಅಲ್ಲ, ದನಕರುಗಳಿಗೂ ಉಪ್ಪು ಬೇಕು. ಆದ್ದರಿಂದ ಸಮುದ್ರದ ಉಪ್ಪು ಘಟ್ಟ ಹತ್ತಿ ಬರಲೇಬೇಕಿತ್ತು. ಗಾಡಿ ಹೋಗದ ಕಡಿದಾದ ದಾರಿಯಲ್ಲಿ ಹೊರೆ ಹೊತ್ತದ್ದು ಹೇರೆತ್ತುಗಳು. ಬೆನ್ನಿನ ಎರಡೂ ಬದಿಗೆ ಚೀಲ ತೂಗಿಸಿಕೊಂಡ ಎತ್ತುಗಳ ಸಾಲು ಬೇಸಿಗೆಯಲ್ಲಿ ಉಪ್ಪು, ಒಣಮೀನು, ಕೊಬ್ಬರಿ ಎಣ್ಣೆ ಹೊತ್ತು ಏರುತ್ತಿತ್ತು; ಅಕ್ಕಿ, ಮೆಣಸು, ಏಲಕ್ಕಿ ಹೊತ್ತು ಇಳಿಯುತ್ತಿತ್ತು. ಈ ಸಾಗಣೆಯನ್ನೇ ಕುಲವೃತ್ತಿ ಮಾಡಿಕೊಂಡ ಲಂಬಾಣಿಗಳ ಹೆಸರನ್ನು ‘ಲವಣ’ ಶಬ್ದದೊಂದಿಗೆ ಜೋಡಿಸಿ ಹೇಳುವುದುಂಟು. ಶಿರಾಡಿ ಇಳಿದ ಮೇಲೆ ಸಿಗುವ, ನೇತ್ರಾವತಿ ಮತ್ತು ಕುಮಾರಧಾರಾ ಕೂಡುವ ಊರಿನ ಹೆಸರೇ ಉಪ್ಪಿನಂಗಡಿ. ದಾರಿಯ ಸರಕು ಯಾವುದೆಂದು ಊರೇ ಹೇಳುತ್ತದೆ.

ಮಳೆ ಹಿಡಿದರೆ ಘಟ್ಟದ ದಾರಿ ಮುಚ್ಚಿದಂತೆಯೇ. ಹಾಗಾಗಿ ಮುಂಗಾರಿಗೆ ಮೊದಲೇ ಮಲೆನಾಡಿನ ಮನೆಗಳು ನಾಲ್ಕು ತಿಂಗಳಿಗಾಗುವಷ್ಟು ಉಪ್ಪು, ಒಣಮೀನು, ಮೆಣಸಿನಕಾಯಿ ತುಂಬಿಟ್ಟುಕೊಳ್ಳುತ್ತಿದ್ದವು. ತೇವಕ್ಕೆ ಕರಗದಂತೆ ಉಪ್ಪಿನ ಮರಿಗೆಯನ್ನು ಒಲೆಯ ಬಳಿ ಇಡುತ್ತಿದ್ದರು. ಬಯಲುಸೀಮೆಯಿಂದ ಬರಬೇಕಾಗಿದ್ದ ಮುಖ್ಯ ವಸ್ತು ಕರಿಕಂಬಳಿ. ಕುರುಬರು ನೇಯ್ದ ಕಂಬಳಿಯ ಕೊಪ್ಪೆ ಇಲ್ಲದೆ ಆಷಾಢದಲ್ಲಿ ಗದ್ದೆಗಿಳಿಯುವಂತಿರಲಿಲ್ಲ. ಇವೆಲ್ಲಕ್ಕೂ ಮಲೆನಾಡಿನ ಮನೆಯಿಂದ ಹೊರಬೀಳುತ್ತಿದ್ದದ್ದು ಬಹುಪಾಲು ಭತ್ತ.

ಈ ದಾರಿಯ ಬೆಲೆ ಆಳುವವರಿಗೂ ಗೊತ್ತಿತ್ತು. ಬಲಂ ಎಂದು ಹೆಸರಾಗಿದ್ದ ಈ ಸೀಮೆಯ ಐಗೂರು ಪಾಳೆಯಗಾರರ ಬಲವೆಲ್ಲ ಈ ಕಾಡು ಮತ್ತು ಕಣಿವೆಗಳಲ್ಲಿತ್ತು. ಟಿಪ್ಪು ಸುಲ್ತಾನ್ 1792ರಲ್ಲಿ ಸಕಲೇಶಪುರದ ಬಳಿ ಮಂಜರಾಬಾದಿನ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಕಟ್ಟಿಸಿದ್ದು ಮಂಗಳೂರಿನ ದಾರಿಯ ನೆತ್ತಿಯ ಮೇಲೆ. ಮುಂದೆ ಈ ಕರಾವಳಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಘಟ್ಟ ಹತ್ತುವ ಉಪ್ಪಿನ ಹೇರಿನೊಳಗೆ ಸರ್ಕಾರದ ಪಾಲೂ ಸೇರಿತು.

ಈ ವಿನಿಮಯವನ್ನು ನಾಣ್ಯ ಕಾಣದ ಜನರ ಹಿಂದುಳಿದ ರೀತಿ ಎನ್ನುವುದು ತಪ್ಪು. ನೆರೆಯ ಮೂಡಿಗೆರೆ ತಾಲ್ಲೂಕಿನಲ್ಲಿರುವ ಹೊಯ್ಸಳರ ಮೂಲಸ್ಥಾನ ಸೊಸೆವೂರಿಗೆ ಇಂದಿನ ಹೆಸರು ಅಂಗಡಿ. ಹೊಯ್ಸಳರ ಕಾಲದಲ್ಲಿ ಗದ್ಯಾಣ, ಪಣ, ಹಾಗ, ವೀಸ ಚಲಾವಣೆಯಲ್ಲಿದ್ದವು. ಅದೇ ಕಾಲದ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಗಾಣದಿಂದ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಸುಂಕ ಎಂಬ ದತ್ತಿಗಳೂ ಇವೆ. ಚಿನ್ನದ ಗದ್ಯಾಣ ದೂರದ ವ್ಯಾಪಾರಕ್ಕೆ ಮತ್ತು ಅರಸನ ಬೊಕ್ಕಸಕ್ಕೆ; ಊರೊಳಗಿನ ವ್ಯವಹಾರಕ್ಕೆ ಧಾನ್ಯ, ಎಣ್ಣೆ, ದುಡಿಮೆ. ಎರಡೂ ಒಟ್ಟಿಗೇ ನಡೆದವು.

ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಮೊದಲು ವಸ್ತು ವಿನಿಮಯವಿತ್ತು, ಅದರ ತೊಡಕಿನಿಂದ ಹಣ ಹುಟ್ಟಿತು ಎಂಬ ಕ್ರಮವನ್ನು ಮುಂದಿಟ್ಟ. ಪಠ್ಯಪುಸ್ತಕಗಳು ಇಂದಿಗೂ ಅದನ್ನೇ ಹೇಳುತ್ತವೆ. ಆದರೆ ಬರಿಯ ವಸ್ತು ವಿನಿಮಯದಿಂದಲೇ ನಡೆದ ಸಮಾಜ ಎಲ್ಲಿಯೂ ದಾಖಲಾಗಿಲ್ಲ ಎಂದು ಮಾನವಶಾಸ್ತ್ರಜ್ಞೆ ಕ್ಯಾರೊಲಿನ್ ಹಂಫ್ರಿ 1985ರಲ್ಲಿ ತೋರಿಸಿಕೊಟ್ಟರು. ಪರಸ್ಥಳದವರೊಡನೆ ಕೈಗೆ ಕೈ ವ್ಯಾಪಾರ, ಊರಿನವರೊಡನೆ ಸುಗ್ಗಿಯವರೆಗೆ ನೆನಪಿನ ಲೆಕ್ಕ: ಬಹಳ ಕಡೆ ಕಾಣುವ ರೂಪ ಇದು. ಮಲೆನಾಡಿನದೂ ಇದೇ. ಹಿಮಾಲಯದಲ್ಲಿ ಟಿಬೆಟ್ಟಿನ ಉಪ್ಪನ್ನು ಚಮರಿ, ಕುರಿಗಳ ಮೇಲೆ ಹೇರಿ ತಂದು ನೇಪಾಳದ ತಗ್ಗಿನ ಧಾನ್ಯಕ್ಕೆ ಕೊಡುತ್ತಿದ್ದವರ ವ್ಯಾಪಾರ ಶಿರಾಡಿಯ ಹೇರೆತ್ತಿನ ವ್ಯಾಪಾರಕ್ಕೆ ಅಣ್ಣತಮ್ಮನಂತಿದೆ.

ನೆನಪಿನ ಲೆಕ್ಕಕ್ಕೆ ಆಧಾರ ಕೊಳಗ ಎಂಬ ಅಳತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯ ವಿಸ್ತಾರವನ್ನೂ ಅದಕ್ಕೆ ಹಿಡಿಯುವ ಬಿತ್ತನೆ ಭತ್ತದಿಂದಲೇ ಹೇಳುತ್ತಿದ್ದರು. ಗೇಣಿ, ಸಾಲ, ಬಡ್ಡಿ, ಕೂಲಿ ಎಲ್ಲವೂ ಭತ್ತದಲ್ಲೇ. ಕುಂಬಾರರಿಂದ ಮಡಕೆ ಕೊಂಡರೆ ಆ ಮಡಕೆ ಹಿಡಿಯುವಷ್ಟು ಧಾನ್ಯವೇ ಅದರ ಬೆಲೆ ಎಂಬ ರೂಢಿ ಹಲವು ಕಡೆ ಇತ್ತು. ಇಷ್ಟು ಸರಳವಾದ ಬೆಲೆಪಟ್ಟಿ ಇನ್ನೊಂದಿರಲಾರದು. ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ಕಣದ ಮರ್ಯಾದೆ.

ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತಳವಾರ, ತೋಟಿ ಮುಂತಾದ ಆಯಗಾರರು ವರ್ಷವಿಡೀ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣಕ್ಕೆ ಬಂದು ‘ಆಯ’ ಪಡೆಯುತ್ತಿದ್ದರು. ನೇಗಿಲ ಗುಳ ತಟ್ಟಿದ ಪ್ರತಿ ಸಲವೂ ಲೆಕ್ಕವಿಲ್ಲ, ವರ್ಷಕ್ಕೊಂದೇ ಲೆಕ್ಕ. ಸರಿಸಮಾನ ಒಕ್ಕಲುಗಳ ನಡುವೆ ಇದ್ದದ್ದು ಮುಯ್ಯಾಳು. ಈ ಮನೆಯ ನಾಟಿಗೆ ಆ ಮನೆಯಿಂದ ಎಷ್ಟು ಆಳು ಬಂದರೋ ಅಷ್ಟೇ ಆಳು ಆ ಮನೆಯ ನಾಟಿಗೆ ಹಿಂದಿರುಗಬೇಕು. ಮದುವೆಯಲ್ಲಿ ಕೊಟ್ಟು ಪಡೆಯುವ ಮುಯ್ಯಿಗೂ ಇದೇ ಮಾತು, ಇದೇ ನ್ಯಾಯ.

ಆದರೆ ಕೊಳಗ ಯಾರ ಕೈಯಲ್ಲಿದೆ ಎಂಬುದರ ಮೇಲೆ ನ್ಯಾಯ ನಿಂತಿತ್ತು. ಊರಿಂದೂರಿಗೆ ಅಳತೆ ಬೇರೆಯಾಗುತ್ತಿತ್ತು. ಪಡೆಯುವಾಗ ತಲೆತುಂಬ, ಕೊಡುವಾಗ ತಲೆ ಸವರಿ ಅಳೆಯುವ ಧಣಿಯನ್ನು ಕೇಳುವವರಿರಲಿಲ್ಲ. ಮಳೆಗಾಲದ ಹಸಿವಿಗೆ ಭತ್ತದ ಸಾಲ ತಂದವರು ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆಯಬೇಕು, ತೀರದಿದ್ದರೆ ಜೀತ. ದಲಿತ ಕುಟುಂಬಗಳ ತಲೆಮಾರುಗಳೇ ಈ ಲೆಕ್ಕದಲ್ಲಿ ಸವೆದವು. ಹಣವಿಲ್ಲದ ಬದುಕು ಸೌಹಾರ್ದದ ಬದುಕಾಗಿತ್ತು ಎಂದು ಹಾಡಿಹೊಗಳುವವರು ಮರೆಯಬಾರದ ಮಾತು ಇದು. ಮುಯ್ಯಾಳು ಸಮಾನರ ವಿನಿಮಯ. ಜೀತ ವಿನಿಮಯದ ವೇಷ ತೊಟ್ಟ ಸುಲಿಗೆ.

ಬದಲಾವಣೆ ಕಾಫಿಯೊಂದಿಗೆ ಬಂತು. ದಕ್ಷಿಣ ಮಂಜರಾಬಾದಿನಲ್ಲಿ ಫ್ರೆಡರಿಕ್ ಗ್ರೀನ್ 1843ರಲ್ಲಿ ತೋಟ ಆರಂಭಿಸಿದ. 1850ರ ದಶಕದಲ್ಲಿ ಬಂದ ಆರ್. ಎಚ್. ಎಲಿಯಟ್ ಈ ಸೀಮೆಯ ತೋಟಗಾರಿಕೆಯ ಬಗ್ಗೆ ಪುಸ್ತಕಗಳನ್ನೇ ಬರೆದ. ತೋಟದ ಕೂಲಿ ನಾಣ್ಯದಲ್ಲಿತ್ತು. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ಕರೆತಂದರು. ಅದೇ ಕಾಲದಲ್ಲಿ ಮೈಸೂರಿನ ಬ್ರಿಟಿಷ್ ಕಮಿಷನರ್ ಕಬ್ಬನ್ನನ ಆಡಳಿತ, ಬೆಳೆಯ ಪಾಲನ್ನೇ ಕಂದಾಯವಾಗಿ ಪಡೆಯುವ ಬಟಾಯಿ ಪದ್ಧತಿಯನ್ನು ಕೈಬಿಟ್ಟು ನಗದಿಗೆ ಬದಲಿಸಿತು. ಕಂದಾಯಕ್ಕೆ ರೂಪಾಯಿ ಬೇಕಾದಾಗ ಸಂತೆಯಲ್ಲೂ ರೂಪಾಯಿ ಕೇಳಿಬಂತು. ಹೇರೆತ್ತಿನ ಜಾಗಕ್ಕೆ ಗಾಡಿ, ಲಾರಿ ಬಂದವು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ರೈಲೇ ಘಟ್ಟ ಇಳಿಯಿತು.

ಉಳಿದದ್ದನ್ನು ಕಾನೂನು ಮುಗಿಸಿತು. 1962ರ ಹೊತ್ತಿಗೆ ಮೆಟ್ರಿಕ್ ತೂಕ ಕಡ್ಡಾಯವಾಗಿ ಸೇರು, ಕೊಳಗ ಅಂಗಡಿಯಿಂದ ಹೊರಬಿದ್ದವು. 1974ರ ಭೂಸುಧಾರಣೆ ಗೇಣಿ ಭತ್ತವನ್ನು, 1976ರ ಕಾಯ್ದೆ ಜೀತವನ್ನು ರದ್ದುಮಾಡಿದವು. ಮುಯ್ಯಾಳನ್ನು ಮಾತ್ರ ಯಾವ ಕಾನೂನೂ ಮುಟ್ಟಲಿಲ್ಲ. ಆಳು ಸಿಗದ ಈ ಕಾಲದಲ್ಲಿ ಮಲೆನಾಡಿನ ಸಣ್ಣ ಹಿಡುವಳಿದಾರರಲ್ಲಿ ಅದು ಅಲ್ಲಲ್ಲಿ ಇನ್ನೂ ನಡೆದಿದೆ.

ಕೊಳಗ, ಬಳ್ಳ, ಸೇರುಗಳು ಈಗ ಹಳೆಯ ಮನೆಗಳ ಅಟ್ಟದಲ್ಲಿವೆ. ಒಂದೂರಿನ ಕೊಳಗ ಇನ್ನೊಂದೂರಿನದಕ್ಕೆ ಸಮವಾಗಿರಲಿಲ್ಲವಾದ್ದರಿಂದ ಪ್ರತಿಯೊಂದೂ ಒಂದು ದಾಖಲೆ. ಅವನ್ನು ಗುಜರಿಗೆ ಹಾಕುವ ಮೊದಲು ಯಾವ ಊರಿನದು, ಎಷ್ಟು ಹಿಡಿಯುತ್ತದೆ, ಯಾರಿಗೆ ಅಳೆದದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಬೇಕು.