ಆನೆ ಬೆನ್ನಿನ ಮಣ್ಣು, ನಮ್ಮ ಮೈಮೇಲಿನ ಬಿಸಿಲು

ಮಿಂದು ದಡಕ್ಕೆ ಬಂದ ಆನೆಯನ್ನು ಅದರ ಪಾಡಿಗೆ ಬಿಟ್ಟರೆ, ಸೊಂಡಿಲಲ್ಲಿ ಮಣ್ಣು ಬಾಚಿ ಬೆನ್ನಿಗೆ ಎರಚಿಕೊಳ್ಳುತ್ತದೆ. ಅದಕ್ಕೇ ಗಜಸ್ನಾನವೆಂದರೆ ದಂಡದ ಕೆಲಸವೆಂಬ ಮಾತು ಬಂತು. ಆದರೆ ಹಂಪಿಯ ವಿರೂಪಾಕ್ಷ ದೇವಾಲಯದ ಆನೆ ಲಕ್ಷ್ಮಿ ತುಂಗಭದ್ರೆಯಲ್ಲಿ ಮೀಯುವಾಗ ಅವಳ ಚರ್ಮವನ್ನೊಮ್ಮೆ ನೋಡಿ. ಕೂದಲು ಅಲ್ಲೊಂದು ಇಲ್ಲೊಂದು. ಆನೆಗೆ ಉಗುರಿನ ಬಳಿ ಬಿಟ್ಟರೆ ಬೆವರು ಗ್ರಂಥಿಯೂ ಇಲ್ಲ. ವಯಸ್ಸಾದಂತೆ ಏಷ್ಯಾದ ಆನೆಗಳ ಸೊಂಡಿಲು, ಕಿವಿಗಳ ಬಣ್ಣ ಅಲ್ಲಲ್ಲಿ ಹೋಗಿ ಗುಲಾಬಿ ಚುಕ್ಕೆಗಳು ಮೂಡುತ್ತವೆ. ಇಂಥ ಬರಿಮೈಗೆ ಮಣ್ಣೇ ರಕ್ಷೆ: ಬಿಸಿಲು ತಡೆಯುತ್ತದೆ, ತೇವ ಹಿಡಿದಿಡುತ್ತದೆ, ನೊಣ ಕೂರಗೊಡುವುದಿಲ್ಲ.

ಮಣ್ಣಿನ ಈ ರಕ್ಷೆ ನಮಗೂ ಹೊಸತಲ್ಲ. ಸಂಡೂರಿನ ಗುಡ್ಡಗಳನ್ನು ಕೆಂಪಾಗಿಸಿರುವ ಹೆಮಟೈಟ್ ಎಂಬುದು ಕಬ್ಬಿಣದ ಆಕ್ಸೈಡ್. ಹೊಸಪೇಟೆಯ ಮೆಡಿಕಲ್ ಶಾಪಿನಲ್ಲಿ ಸಿಗುವ ಬಣ್ಣದ ಸನ್‌ಸ್ಕ್ರೀನಿಗೂ ಶುದ್ಧ ರೂಪದ ಕಬ್ಬಿಣದ ಆಕ್ಸೈಡನ್ನೇ ಬೆರೆಸಿರುತ್ತಾರೆ. ಬಂಗು ಹೆಚ್ಚಿಸುವ ಬೆಳಕನ್ನು ಅದು ತಡೆಯುತ್ತದೆ. ನಮೀಬಿಯಾದ ಹಿಂಬಾ ಹೆಂಗಸರು ಕೆಮ್ಮಣ್ಣನ್ನು ಬೆಣ್ಣೆಯಲ್ಲಿ ಕಲಸಿ ಮೈಗೆ ಬಳಿದುಕೊಳ್ಳುವುದೂ ಇದೇ ಜಾಣತನ. ಹಾಗೆಂದು ಗಣಿ ಧೂಳನ್ನು ಯಾರೂ ಬಳಿದುಕೊಳ್ಳಬಾರದು, ಅದು ಶ್ವಾಸಕೋಶಕ್ಕೆ ಕೇಡು.

ಬಿಸಿಲಿನ ನೇರಳಾತೀತ ಕಿರಣ ನಮ್ಮ ಕೋಶದೊಳಗಿನ ಡಿಎನ್‌ಎಯನ್ನು ಕೆಡಿಸುತ್ತದೆ. ಕೆಟ್ಟ ಕೋಶ ಬೆಳೆಯದಂತೆ ಕಾಯುವುದು ಟಿಪಿ53 ಎಂಬ ಜೀನು. ಅದೇ ಹಾಳಾದರೆ ಕ್ಯಾನ್ಸರಿಗೆ ದಾರಿ. ನಮ್ಮಲ್ಲಿ ಅಪ್ಪನಿಂದೊಂದು, ಅಮ್ಮನಿಂದೊಂದು ಪ್ರತಿ ಇದ್ದರೆ, ಆನೆಯಲ್ಲಿ ಈ ಜೀನಿನ ಹತ್ತಾರು ಹೆಚ್ಚುವರಿ ನಕಲುಗಳಿರುವುದನ್ನು ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು.

ಆ ಹೆಚ್ಚುವರಿ ಕಾವಲು ನಮಗಿಲ್ಲ; ಬಿಸಿಲಿನಿಂದ ನಮ್ಮನ್ನು ಕಾಯುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್. ಭಾರತದಲ್ಲಿ ಚರ್ಮದ ಕ್ಯಾನ್ಸರ್ ಅಪರೂಪವಾಗಿರಲು ಅದು ಮುಖ್ಯ ಕಾರಣ. ಆಸ್ಟ್ರೇಲಿಯಾದ ನ್ಯಾಂಬೋರ್ ಪಟ್ಟಣದಲ್ಲಿ 1992ರಿಂದ 1,621 ಜನರ ಮೇಲೆ ನಡೆದ ಪ್ರಯೋಗದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರಿಗೆ ಸ್ಕ್ವೇಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಇಳಿಯಿತು. ದೊಡ್ಡ ಸಾಧನೆಯೇ. ಆದರೆ ಅಲ್ಲಿದ್ದವರು ಹೆಚ್ಚಾಗಿ ಬಿಳಿ ಚರ್ಮದವರು. ಆ ಲೆಕ್ಕ ತೋರಿಸಿ ನಮ್ಮ ಕೂಲಿಕಾರರನ್ನು ಹೆದರಿಸುವುದು ಸರಿಯಲ್ಲ. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಹಾಕುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾರಲ್ಲ, ಅದು ಬೆವರಿಗೆ ಕರಗದ, ಮತ್ತೆ ಹಚ್ಚಬೇಕಿಲ್ಲದ ರಕ್ಷಣೆ. ಕಂದು ಚರ್ಮದವರಲ್ಲಿ ಮೆಲನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನಡಿ. ಬಿಸಿಲು ಅಷ್ಟಾಗಿ ಬೀಳದ ಕಡೆ ಸನ್‌ಸ್ಕ್ರೀನ್ ಏನು ಮಾಡೀತು? ಬೆಳೆಯುವ ಕಪ್ಪು ಮಚ್ಚೆಯನ್ನೂ ವಾಸಿಯಾಗದ ಹುಣ್ಣನ್ನೂ ವೈದ್ಯರಿಗೆ ತೋರಿಸಬೇಕು.

ಆದರೆ ಮೆಲನಿನ್ ಇಲ್ಲದೆ, ಅಥವಾ ತೀರಾ ಕಡಿಮೆಯಿದ್ದು ಹುಟ್ಟುವ ಮಕ್ಕಳಿದ್ದಾರೆ. ಮೈ, ಕೂದಲು, ಕಣ್ಣರೆಪ್ಪೆಯೆಲ್ಲ ಬೆಳ್ಳಗೆ. ಆಲ್ಬಿನಿಸಂ ಇರುವ ಈ ಮಕ್ಕಳಿಗೆ ನಮ್ಮ ಕಡೆಯ ಬಿಸಿಲು ನಿಜಕ್ಕೂ ಅಪಾಯ. ಅವರಿಗೆ ಸನ್‌ಸ್ಕ್ರೀನ್ ಶೋಕಿಯಲ್ಲ, ಔಷಧ: ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು, ಧಾರಾಳವಾಗಿ, ಹೊರಗಿದ್ದಾಗ ಎರಡು ಗಂಟೆಗೊಮ್ಮೆ. ಜೊತೆಗೆ ಅಗಲ ಅಂಚಿನ ಟೋಪಿ, ತುಂಬುತೋಳು. ಶಿಕ್ಷಕರೇ, ನಿಮ್ಮ ಶಾಲೆಯಲ್ಲಿ ಅಂಥ ಮಗುವಿದ್ದರೆ ಪ್ರಾರ್ಥನೆಗೂ ಆಟಕ್ಕೂ ನೆರಳಿನ ಜಾಗ ಮಾಡಿಕೊಡಿ; ಟೋಪಿ ತೆಗೆಯೆಂದು ಗದರಬೇಡಿ.