ಕುತ್ತಿಗೆ ತಾನಾಗಿಯೇ ತಿರುಗಿದರೆ ಎಣ್ಣೆ ಮಾತ್ರ ಸಾಕೇ?



ಉಪ್ಪಿನಂಗಡಿ ಸುತ್ತಮುತ್ತ ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಗಂಟೆಗಟ್ಟಲೆ ತಲೆ ಬಗ್ಗಿಸಿ ಕೂತುಕೊಳ್ತಾರೆ. ಆದ್ದರಿಂದ ಕುತ್ತಿಗೆ ನೋವು ನಮಗೆ ಹೊಸತಲ್ಲ. ಸ್ವಲ್ಪ ವಿಶ್ರಾಂತಿ, ಬಿಸಿ ಶಾಖ, ಎಣ್ಣೆ ತಿಕ್ಕುವುದು ಇಷ್ಟರಲ್ಲೇ ಅದು ಹೆಚ್ಚಾಗಿ ಇಳಿಯುತ್ತದೆ. ಇಲ್ಲಿ ನಾವು ಹೇಳಲಿಕ್ಕೆ ಹೊರಟದ್ದು ಬೇರೆಯೇ ಒಂದು ಕಾಯಿಲೆಯ ವಿಷಯ.

ಏನಿದು ಕಾಯಿಲೆ?

ಕೆಲವರಿಗೆ ಕುತ್ತಿಗೆ ತಾನಾಗಿಯೇ ಒಂದು ಬದಿಗೆ ತಿರುಗುತ್ತದೆ, ಓರೆಯಾಗುತ್ತದೆ ಅಥವಾ ತಲೆ ಅಲುಗಾಡುತ್ತದೆ. ನೇರ ಮಾಡಿದರೂ ಪುನಃ ಎಳೆಯುತ್ತದೆ. ಇದಕ್ಕೆ ವೈದ್ಯರು 'ಸರ್ವೈಕಲ್ ಡಿಸ್ಟೋನಿಯ' ಎನ್ನುತ್ತಾರೆ. ಮೆದುಳಿನಿಂದ ಕುತ್ತಿಗೆಯ ಸ್ನಾಯುಗಳಿಗೆ ಹೋಗುವ ಸಂದೇಶ ತಪ್ಪುವುದರಿಂದ ಹೀಗಾಗುತ್ತದೆ. ಹೆಚ್ಚಾಗಿ 30ರಿಂದ 60 ವರ್ಷದೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಗಲ್ಲವನ್ನೋ ಕೆನ್ನೆಯನ್ನೋ ಬೆರಳಿನಿಂದ ಮುಟ್ಟಿದರೆ ಕೆಲವರಿಗೆ ತಲೆ ಸ್ವಲ್ಪ ಹೊತ್ತು ನೇರವಾಗುತ್ತದೆ. ಇದನ್ನು ನೋಡಿ "ನಾಟಕ ಮಾಡ್ತಾಳೆ" ಎನ್ನುವವರಿದ್ದಾರೆ. ಅದು ನಾಟಕವಲ್ಲ, ಈ ಕಾಯಿಲೆಯದ್ದೇ ಗುರುತು. ಮಾಟವೂ ಅಲ್ಲ, ಯಾರ ಶಾಪವೂ ಅಲ್ಲ.

ಆಯುರ್ವೇದದಲ್ಲಿ ಏನುಂಟು?

ಕುತ್ತಿಗೆ ಬಿಗಿದು ನಿಲ್ಲುವುದನ್ನು ಆಯುರ್ವೇದವು 'ಮನ್ಯಾಸ್ತಂಭ' ಎಂದು ಕರೆದು ವಾತರೋಗಗಳಲ್ಲಿ ಸೇರಿಸಿದೆ. ಈ ಕಾಯಿಲೆಯನ್ನೂ ವೈದ್ಯರು ಅದರ ಹತ್ತಿರವೇ ಇಟ್ಟು ನೋಡುತ್ತಾರೆ. ಔಷಧಿ ಎಣ್ಣೆ ಹಚ್ಚಿ ತಿಕ್ಕುವ ಅಭ್ಯಂಗ, ಬೆವರು ಬರಿಸುವ ಸ್ವೇದನ, ಮೂಗಿಗೆ ಹನಿ ಬಿಡುವ ನಸ್ಯ, ಕುತ್ತಿಗೆಯ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಗ್ರೀವಾ ಬಸ್ತಿ ಮುಖ್ಯ ಚಿಕಿತ್ಸೆಗಳು. ಇವುಗಳಿಂದ ಬಿಗಿತ ಸಡಿಲಾಗಿ ನೋವು ಕಡಿಮೆಯಾಗಬಹುದು. ಆದರೆ ಮೆದುಳಿನ ತಪ್ಪು ಸಂದೇಶ ಇದರಿಂದ ನಿಲ್ಲುತ್ತದೆ ಎಂಬುದು ಸಾಬೀತಾಗಿಲ್ಲ.

ಆದ್ದರಿಂದ ಮೊದಲು ನರರೋಗ ತಜ್ಞರಿಗೆ ತೋರಿಸಿ. ಮಂಗಳೂರಿನಲ್ಲಿ ತಜ್ಞರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಉಂಟು. ಬಿಗಿದ ಸ್ನಾಯುವಿಗೆ ಬೊಟುಲಿನಮ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಸುಮಾರು ಮೂರು ತಿಂಗಳು ಗುಣ ಕಾಣುತ್ತದೆ, ಮತ್ತೆ ಕೊಡಬೇಕಾಗುತ್ತದೆ. ಇದೂ ಕಾಯಿಲೆಯನ್ನು ಬೇರಿನಿಂದ ಕೀಳುವುದಿಲ್ಲ, ಆದರೆ ದಿನದ ಕೆಲಸ ಮಾಡ್ಲಿಕ್ಕೆ ಆಗುತ್ತದೆ. ಜೊತೆಗೆ ಆಯುರ್ವೇದ ಬೇಕೆಂದರೆ ಕಲಿತ ವೈದ್ಯರಲ್ಲಿಗೆ ಹೋಗಿ. ಸುಳ್ಯದ ಕೆ.ವಿ.ಜಿ., ಉಡುಪಿ ಕುತ್ಪಾಡಿಯ ಎಸ್.ಡಿ.ಎಂ. ಆಯುರ್ವೇದ ಕಾಲೇಜುಗಳು ನಮ್ಮ ಆಸುಪಾಸಿನವೇ. ಎರಡೂ ಕಡೆಯ ವೈದ್ಯರಿಗೆ ನೀವು ತೆಗೆದುಕೊಳ್ಳುವ ಎಲ್ಲ ಮದ್ದುಗಳನ್ನು ಹೇಳಿ.

ಈ ಎಚ್ಚರಿಕೆ ಇರಲಿ

* ಕುತ್ತಿಗೆಯನ್ನು ರಪ್ಪನೆ ತಿರುಗಿಸಿ 'ನೆಟಿಕೆ ತೆಗೆಯಲು' ಯಾರಿಗೂ ಬಿಡಬೇಡಿ. ಮೆದುಳಿಗೆ ರಕ್ತ ಒಯ್ಯುವ ನಾಳ ಹರಿದರೆ ಪಾರ್ಶ್ವವಾಯು ಆಗಬಹುದು.
* ಹೆಸರು, ಚೀಟಿ ಇಲ್ಲದ ಪುಡಿ-ಮಾತ್ರೆ ನುಂಗಬೇಡಿ. ಅಂಥವುಗಳಲ್ಲಿ ಸೀಸ, ಪಾದರಸ, ಸ್ಟೀರಾಯ್ಡ್ ಸಿಕ್ಕಿದ್ದುಂಟು.
* ವಾಂತಿಯ ಅಥವಾ ಮಾನಸಿಕ ಕಾಯಿಲೆಯ ಮದ್ದು ಶುರು ಮಾಡಿದ ಕೆಲವೇ ದಿನಗಳಲ್ಲಿ ಕುತ್ತಿಗೆ ತಿರುಚಿದರೆ ಚೀಟಿ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಿ. ಇದು ಮದ್ದಿನ ಪರಿಣಾಮ ಇರಬಹುದು. ಇಂಜೆಕ್ಷನ್ನಿನಿಂದ ಬೇಗ ಸರಿಯಾಗುತ್ತದೆ.
* ಜ್ವರ, ವಾಂತಿಯೊಂದಿಗೆ ಕುತ್ತಿಗೆ ಬಿಗಿದರೆ, ಬಿದ್ದ ಮೇಲೆ ಕುತ್ತಿಗೆ ನೋವು ಬಂದರೆ, ಕೈಕಾಲು ಬಲ ಕಳೆದುಕೊಂಡರೆ ಎಣ್ಣೆ ಹಚ್ಚುತ್ತಾ ಕೂರಬೇಡಿ.

ಸಂಘದ ಕೆಲಸವೇನು?

"ಪೂರ್ತಿ ಗುಣ, ಗ್ಯಾರಂಟಿ" ಎಂಬ ಮಾತು ನಂಬಿ ಸಂಘದ ಸಾಲ ತೆಗೆಯುವ ಮೊದಲು ರೋಗದ ಹೆಸರು, ಚಿಕಿತ್ಸೆಯ ಖರ್ಚು, ಎಷ್ಟು ಸಲ ಹೋಗಬೇಕು ಎಂಬುದನ್ನು ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಅದರಲ್ಲಿ ಆಗುತ್ತದೋ ಎಂದು ಆಸ್ಪತ್ರೆಯಲ್ಲೇ ಕೇಳಿ.

ಈ ಕಾಯಿಲೆ ಬಂದವರು ಜನ ನೋಡಿ ನಗುತ್ತಾರೆಂದು ಮೊದಲು ಬಿಡುವುದು ಹೊರಗೆ ಬರುವುದನ್ನು. ನಿಮ್ಮ ಸಂಘದ ಯಾರಾದರೂ ಹೀಗೆ ಸಭೆಗೆ ಬರುವುದು ನಿಲ್ಲಿಸಿದ್ದರೆ ಈ ವಾರವೇ ಇಬ್ಬರು ಅವರ ಮನೆಗೆ ಹೋಗಿ ಬನ್ನಿ. ಆಸ್ಪತ್ರೆಗೆ ಒಬ್ಬರು ಜೊತೆಗೆ ಹೋಗಿ. ಅರ್ಧ ಧೈರ್ಯ ಅಲ್ಲೇ ಬರುತ್ತದೆ.