ಬೆಲ್ಲ ತಿಂದರೆ ಒಲೆ ಹೊಗೆಯ ಮಸಿ ಹೋಗುತ್ತದೆಯೇ?

ಹೊಗೆ ಕುಡಿದ ಮೇಲೆ ಬೆಲ್ಲ ತಿಂದರೆ ಶ್ವಾಸಕೋಶ ಸ್ವಚ್ಛವಾಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವಲ್ಲ. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ.

ಬೀದರ್‌ನ ಚಿದ್ರಿ ಇರಲಿ, ಔರಾದ್ ಇರಲಿ, ಒಲೆಯಲ್ಲಿ ತೊಗರಿ ಕಟ್ಟಿಗೆ, ಕುಳ್ಳು ಉರಿದರೆ ಸಣ್ಣ ಮಸಿಕಣಗಳು ಏಳುತ್ತವೆ. ಶ್ವಾಸಕೋಶದ ಗಾಳಿಚೀಲಗಳಲ್ಲಿ ರೋಗಾಣು ನುಂಗುವ ಕಾವಲು ಕೋಶಗಳಿವೆ. ಅವು ಮಸಿಯನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಮಸಿ ತುಂಬಿದಂತೆ ರೋಗಾಣು ಕೊಲ್ಲುವ ಶಕ್ತಿ ಕುಂದುತ್ತದೆ. ಅದಕ್ಕೇ ಹೊಗೆ ತುಂಬಿದ ಮನೆಯ ಮಕ್ಕಳಿಗೆ ನ್ಯುಮೋನಿಯಾ ಭಯ ಹೆಚ್ಚು.

2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಐದು ವರ್ಷದೊಳಗಿನ 2.37 ಲಕ್ಷಕ್ಕೂ ಹೆಚ್ಚು ಮಕ್ಕಳು ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಸಿಲಿಂಡರ್ ಇದ್ದರೆ ರೊಟ್ಟಿಯನ್ನೂ ಗ್ಯಾಸಿನಲ್ಲೇ ಮಾಡಿ. ಒಲೆಯೇ ಗತಿಯಾದರೆ ಒಣ ಕಟ್ಟಿಗೆ ಬಳಸಿ, ಕಿಟಕಿ ತೆರೆದಿಡಿ, ಕೂಸನ್ನು ದೂರವಿಡಿ. ಮಗುವಿಗೆ ಕೆಮ್ಮಿನ ಜೊತೆ ಏದುಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.